ಕೊನೆಯ ಗಾಡಿಯ ಟೋಕನ್

ಹದಿನಾಲ್ಕನೇ ತಾರೀಖು, ಬುಧವಾರ, ಬೆಳಿಗ್ಗೆ 8.40ಕ್ಕೆ ನಿವೃತ್ತ ಸ್ಟೇಷನ್ ಮಾಸ್ತರರು ಠಾಣೆಗೆ ಬಂದರು. ಎಪ್ಪತ್ತಾರು ವರ್ಷ. ಅಂಗಿಯ ಗುಂಡಿಗಳು ಒಂದು ಮನೆ ತಪ್ಪಿದ್ದವು. ಹೆಡ್ ಕಾನ್‌ಸ್ಟೆಬಲ್ ಕುರ್ಚಿ ಎಳೆದು, ನೀರು ಕೊಟ್ಟರು.

“ಟೋಕನ್ ಹೋಯ್ತು ಮೇಡಂ. ಬೀಗ ಹಾಕಿದ್ದು ಹಾಕಿದ ಹಾಗೇ ಇದೆ.”

ಇನ್‌ಸ್ಪೆಕ್ಟರ್ ಪೆನ್ನು ತೆಗೆದುಕೊಂಡರು. “ಬಸ್ಸಿನ ಟೋಕನ್ನಾ?”

“ರೈಲಿಂದು!” ಮಾಸ್ತರರ ದನಿ ಏರಿತು. “ಬೆತ್ತದ ಬಳೆ, ಅದಕ್ಕೊಂದು ತೊಗಲಿನ ಚೀಲ, ಚೀಲದೊಳಗೆ ಹಿತ್ತಾಳೆ ಗುಂಡು. ನಮ್ದು ಒಂಟಿ ಹಳಿ. ಅದು ಕೈಗೆ ಬರದೆ ಡ್ರೈವರ್ ಗಾಡಿ ಬಿಡೋ ಹಾಗಿರ್ಲಿಲ್ಲ. ಇಡೀ ಲೈನಲ್ಲಿ ಉಳಿದಿದ್ದು ಅದೊಂದೇ.”

ಆ ಮಾರ್ಗ ಮುಚ್ಚಿ ಇಪ್ಪತ್ತೆಂಟು ವರ್ಷವಾಗಿತ್ತು. ಹಳಿ ಕಿತ್ತು ಮಾರಿದ ಮೇಲೆ ಮಾಸ್ತರರು ಉಳಿದ ಚೂರುಪಾರನ್ನೆಲ್ಲ ಹಳೇ ನಿಲ್ದಾಣದಲ್ಲಿ ಕೂಡಿಸಿದ್ದರು. ಗುರುವಾರ ಹನ್ನೊಂದಕ್ಕೆ ರೈಲ್ವೆ ಇಲಾಖೆಯ ಅಧಿಕಾರಿ ಬಂದು ಪಟ್ಟಿಯ ಪ್ರಕಾರ ಪ್ರತಿಯೊಂದನ್ನೂ ನೋಡುವವರಿದ್ದರು. ಎಲ್ಲ ಸರಿಯಿದ್ದರೆ ಕಟ್ಟಡ ಸಂಗ್ರಹಾಲಯಕ್ಕೆ, ಇಲ್ಲದಿದ್ದರೆ ಗೊಬ್ಬರದ ಗೋದಾಮಿಗೆ. ಪಟ್ಟಿಯ ಮೊದಲ ವಸ್ತುವೇ ಟೋಕನ್.

9.15ಕ್ಕೆ ಎಫ್‌ಐಆರ್ ದಾಖಲಾಯಿತು. 10.05ಕ್ಕೆ ಹಳೇ ನಿಲ್ದಾಣದಲ್ಲಿ ಸ್ಥಳ ಪಂಚನಾಮೆ ಶುರುವಾಯಿತು.

ಟೋಕನ್ ಇಟ್ಟಿದ್ದ ಗಾಜಿನ ಪೆಟ್ಟಿಗೆ ಖಾಲಿಯಿತ್ತು. ಅದರ ಹಿಂದೆ ಗೋಡೆ ತುಂಬ ಒಂದು ಫೋಟೋ: ಕೊನೆಯ ಗಾಡಿ, ಬಾಗಿದ ಡ್ರೈವರ್, ಅವನತ್ತ ಬಳೆ ಎತ್ತಿ ಹಿಡಿದ ಸ್ಟೇಷನ್ ಮಾಸ್ತರರು.

“ಕೀ ಯಾರ್ಯಾರ ಹತ್ರ ಇದೆ?”

“ನನ್ನ ಹತ್ರ ಒಂದು, ಇವಳ ಹತ್ರ ಒಂದು.” ಮಾಸ್ತರರು ಕಸ ಗುಡಿಸುವಾಕೆಯ ಕಡೆ ನೋಡಿದರು. ಆಕೆಯ ಮುಖ ಬಿಳಿಚಿತು.

“ನೀನು ಕೂತ್ಕೋಮ್ಮ,” ಎಂದರು ಇನ್‌ಸ್ಪೆಕ್ಟರ್. “ನಿನ್ನೆ ಸಂಜೆ ಎಷ್ಟೊತ್ತಿಗೆ ಬೀಗ ಹಾಕ್ದೆ?”

“ಆರಕ್ಕೆ.”

“ಬೆಳಿಗ್ಗೆ ಏನಾದ್ರೂ ಬೇರೆ ಥರ ಕಾಣ್ತಾ?”

ಆಕೆ ಕಿಟಕಿಯ ಹೊರಗೆ ಕೈ ತೋರಿಸಿದಳು. “ಆ ಕೈ, ಅಮ್ಮಾ. ಸಾಹೇಬ್ರು ಬರ್ತಾರೆ ಅಂತ ಇಳಿಸಿ ಇಟ್ಟಿದ್ರು. ಈಗ ಅಡ್ಡ ನಿಂತದೆ.”

ಸಿಗ್ನಲ್ ಕಂಬದ ಕೆಂಪು ಕೈ, ಗಾಡಿ ನಿಲ್ಲಬೇಕೆನ್ನುವ ಹಾಗೆ, ನೆಟ್ಟಗೆ ಅಡ್ಡಲಾಗಿತ್ತು. ಮಾಸ್ತರರು ಈಗಷ್ಟೇ ಅದನ್ನು ಗಮನಿಸಿದಂತಿತ್ತು.

ಆ ಕೈಯನ್ನು ಆಡಿಸುವ ಕಬ್ಬಿಣದ ಲಿವರ್ ಪಕ್ಕದ ಕೋಣೆಯಲ್ಲಿತ್ತು. ಪೈಲ್ವಾನ ಎಂದೇ ಹೆಸರಾದ ಕಾನ್‌ಸ್ಟೆಬಲ್ ಅಂಗಿಯ ತೋಳು ಮಡಚಿ ಎಳೆದ. ಲಿವರ್ ಅರ್ಧ ಬಂದು, ಅವನನ್ನೇ ಎಳೆದುಕೊಂಡು ವಾಪಸ್ ಹೋಗಿ ಬಡಿಯಿತು.

“ಬೆಳಿಗ್ಗೆ ತಿಂಡಿ ತಿಂದಿಲ್ವೇನಯ್ಯಾ?” ಎಂದರು ಹೆಡ್ ಕಾನ್‌ಸ್ಟೆಬಲ್.

“ಇದು ಕೈ ಮುರಿಯುತ್ತೆ ಸಾರ್!”

“ಪಳಗಿದ ಕೈಗಲ್ಲದೆ ಬಗ್ಗಲ್ಲ ಅದು,” ಎಂದರು ಮಾಸ್ತರರು. “ನಾನೇ ಒಂದಿನಾನೂ ಮುಟ್ಟಿಲ್ಲ. ಅದು ಪಾಯಿಂಟ್ಸ್‌ಮನ್ ಕೆಲಸ.”

“ಹಾಗಾದ್ರೆ ಅಲಂಕಾರಕ್ಕೆ ಇಳಿಸಿಕೊಟ್ಟೋರು ಯಾರು?”

ಮಾಸ್ತರರು ಲಿವರಿನತ್ತ ನೋಡಿದರು. “ನನ್ನ ತಮ್ಮ. ಇದೇ ಸ್ಟೇಷನ್ನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ.”

ತಮ್ಮನ ಮನೆ ಎರಡು ಬೀದಿ ಆಚೆ. ಮಧ್ಯಾಹ್ನ 3.30ಕ್ಕೆ ಪೊಲೀಸರು ಹೋದಾಗ ಎಪ್ಪತ್ತರ ಆ ಮನುಷ್ಯ ಜಗಲಿಯ ಮೇಲೆ ಕುಳಿತು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದ. ಇನ್‌ಸ್ಪೆಕ್ಟರ್ ಪಕ್ಕದಲ್ಲೇ ಕುಳಿತರು.

“ನಿಮ್ಮ ಹತ್ರ ಸ್ಟೇಷನ್ ಕೀ ಇದ್ಯಾ?”

“ಯಾವತ್ತೋ ವಾಪಸ್ ಕೊಟ್ಟೆ.”

“ನಿನ್ನೆ ರಾತ್ರಿ ಎಲ್ಲಿದ್ರಿ?”

“ಮನೇಲೇ. ಇನ್ನೆಲ್ಲಿಗೆ ಹೋಗ್ಲಿ?”

“ಸಿಗ್ನಲ್ ಯಾಕೆ ಅಡ್ಡ ಮಾಡಿದ್ರಿ?”

“ಮತ್ತೆ? ಟೋಕನ್ ಹೊರಗೆ ಹೋದ್ಮೇಲೆ ಸಿಗ್ನಲ್ ಇಳಿಸಿದ ಹಾಗೇ ಬಿಡೋಕಾಗುತ್ತಾ? ಹಿಂದಿಂದ ಇನ್ನೊಂದು ಗಾಡಿ ಬಂದ್ರೆ?”

ಹೆಡ್ ಕಾನ್‌ಸ್ಟೆಬಲ್ ಮೆಲ್ಲಗೆ ಹೇಳಿದರು: “ಹಳೀನೇ ಇಲ್ವಲ್ಲ ಯಜಮಾನ್ರೇ.”

ಮುದುಕ ಎಣ್ಣೆಯ ಡಬ್ಬಿ ಕೆಳಗಿಟ್ಟ. ತಾನು ಏನು ಹೇಳಿಬಿಟ್ಟೆನೆಂದು ಆಗ ಹೊಳೆಯಿತು. ಒಳಗೆ ಹೋಗಿ, ಅಕ್ಕಿ ಡಬ್ಬದ ಹಿಂದಿನಿಂದ ಬಳೆಯನ್ನೂ ಒಂದು ಹಳೇ ಕೀಲಿಕೈಯನ್ನೂ ತಂದುಕೊಟ್ಟ. ತೊಗಲಿಗೆ ಹೊಸದಾಗಿ ಎಣ್ಣೆ ಸವರಿತ್ತು. 4.20ಕ್ಕೆ ಜಪ್ತಿ ಪಂಚನಾಮೆ ಮುಗಿಸಿ ಅವನನ್ನು ಬಂಧಿಸಲಾಯಿತು. ಪೈಲ್ವಾನ ಬೇಡಿ ಹೊರತೆಗೆದವನು, ಇನ್‌ಸ್ಪೆಕ್ಟರ್ ಬೇಡವೆಂದು ತಲೆಯಾಡಿಸಿದ ಮೇಲೆ ಜೇಬಿಗೆ ಹಾಕಿಕೊಂಡು, ಮುದುಕನ ಚಪ್ಪಲಿ ಹುಡುಕಿ ತಂದಿಟ್ಟ.

ಠಾಣೆಯಲ್ಲಿ ಹೇಳಿಕೆ ಬರೆಯುತ್ತಿರುವಾಗ ಅಣ್ಣ ಬಂದರು.

“ಯಾಕೋ? ಏನು ಕಡಿಮೆ ಮಾಡಿದ್ದೆ ನಿನಗೆ?”

“ಇಪ್ಪತ್ತು ವರ್ಷ ಬಿಸಿಲಲ್ಲಿ ನಿಂತು ಬಳೆ ಕೊಟ್ಟೋನು ನಾನು. ಕೊನೇ ಗಾಡಿ ದಿನ ಕ್ಯಾಮೆರಾ ಬಂತು. ‘ತಾರೋ ಇಲ್ಲಿ’ ಅಂತ ಕೈಯಿಂದ ಕಿತ್ಕೊಂಡೆ ನೀನು.”

“ನಾನಾ? ಕಿತ್ಕೊಂಡ್ನಾ?”

“ಮೊಮ್ಮಗಳು ಆ ಫೋಟೋ ನೋಡಿ ಬಂದು, ‘ದೊಡ್ಡ ತಾತ ರೈಲು ಬಿಡ್ತಿದ್ರಂತೆ, ನೀನೇನು ಮಾಡ್ತಿದ್ದೆ ತಾತ?’ ಅಂದ್ಲು. ನಾನೇನು ಹೇಳ್ಲಿ?”

“ನನಗೆ ನೆನಪೇ ಇಲ್ವಲ್ಲೋ...”

“ಗೊತ್ತು. ನಿನಗ್ಯಾಕೆ ನೆನಪಿರುತ್ತೆ?”

ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದರು ಮಾಸ್ತರರು. ಅದನ್ನಿನ್ನು ನ್ಯಾಯಾಲಯದಲ್ಲಿ ಹೇಳಬೇಕು ಎಂದರು ಇನ್‌ಸ್ಪೆಕ್ಟರ್.

ಜಪ್ತಿಯಾದ ವಸ್ತು ನ್ಯಾಯಾಲಯ ಬಿಡುವವರೆಗೆ ಠಾಣೆಯ ವಶದಲ್ಲೇ ಇರಬೇಕು. ಆದರೆ ಅದನ್ನು ಠಾಣೆಯವರೇ ಎತ್ತಿಕೊಂಡು ತಿರುಗಬಾರದೆಂಬ ನಿಯಮ ಇನ್‌ಸ್ಪೆಕ್ಟರ್‌ಗೆ ಸಿಗಲಿಲ್ಲ. ಗುರುವಾರ 11ಕ್ಕೆ ಪೈಲ್ವಾನ, ಅರಗಿನ ಮೊಹರು ತೂಗುತ್ತಿದ್ದ ಬಳೆಯನ್ನು ಎದೆಗೆ ಹಿಡಿದು ಗಾಜಿನ ಪೆಟ್ಟಿಗೆಯ ಪಕ್ಕ ನಿಂತ. ಅಧಿಕಾರಿ ಅವನನ್ನೊಮ್ಮೆ, ಪಟ್ಟಿಯನ್ನೊಮ್ಮೆ ನೋಡಿ ಗುರುತು ಹಾಕಿದರು.

“ಫೋಟೋದಲ್ಲಿ ಟೋಕನ್ ಕೊಡ್ತಿರೋರು ನೀವೇನಾ?”

“ನಾನೇ,” ಎಂದರು ಮಾಸ್ತರರು. “ಆದ್ರೆ ಅದು ನನ್ನ ಕೆಲಸ ಆಗಿರ್ಲಿಲ್ಲ. ನನ್ನ ತಮ್ಮಂದು. ಅವತ್ತೊಂದು ದಿನ ಅವನ ಕೈಯಿಂದ ಕಿತ್ಕೊಂಡೆ. ಈಗ ಲಾಕಪ್ಪಲ್ಲಿದ್ದಾನೆ.”

ಅಧಿಕಾರಿ ಪಟ್ಟಿಯ ಹಾಳೆಗಳನ್ನು ತಿರುವಿದರು. ಕೊನೆಯ ಹಾಳೆಗೆ ಸಹಿ ಹಾಕಿದರು. ಕಟ್ಟಡ ಉಳಿಯಿತು.

ಮಧ್ಯಾಹ್ನ ಆರೋಪಿಯನ್ನು ನ್ಯಾಯಾಲಯಕ್ಕೆ ಕರೆದೊಯ್ಯುವಾಗ ಇನ್‌ಸ್ಪೆಕ್ಟರ್ ಜೀಪಿನ ಮುಂದಿನ ಸೀಟಿನಿಂದ ತಿರುಗಿ, ಅಣ್ಣ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದರು. ಹೇಳಲೇಬೇಕಾದ ಕೆಲಸವೇನೂ ಅದಾಗಿರಲಿಲ್ಲ.

ಮುದುಕ ಜೀಪಿನ ಕಂಬಿ ಹಿಡಿದು ಮುಂದೆ ಬಾಗಿದ.

“ಅವನು ಹಾಗೆ ಹೇಳೋವಾಗ ಎಷ್ಟು ಜನ ಇದ್ರು?”

“ಐದಾರು ಜನ.”

“ಫೋಟೋ ತೆಗೆದ ದಿನ ಇಡೀ ಊರೇ ಇತ್ತು,” ಎಂದ.