ಬಾಣಲೆಯ ನೀಲಿ ಕಲೆ

“ಆ ಬಾಣಲೆ ತಳದಲ್ಲಿರೋ ಕಲೆ ಮಾತ್ರ ಉಜ್ಜಬೇಡಮ್ಮ,” ಎಂದರು ಅತ್ತೆ. “ಅಲ್ಲಿದ್ರೆ ಅದು ಅಲ್ಲೇ ಇರತ್ತೆ.”

ಹೊಸ ಸೊಸೆ ಕೆನ್ನೆಯಲ್ಲಿ ಗುಳಿ ಬೀಳುವಂತೆ ನಕ್ಕಳು. ಮದುವೆಗೆ ಮುಂಚೆ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ನಿಂತವಳು ಅವಳು. ಖಾಲಿ ಪಾತ್ರೆ ಅತಿಯಾಗಿ ಕಾದರೆ ನೀಲಿ, ಹೊಂಬಣ್ಣ ಏಳುತ್ತದೆ, ವಿನೆಗರ್ ಸವರಿದರೆ ಹೋಗುತ್ತದೆ ಎಂದು ಗಿರಾಕಿಗಳಿಗೆ ಪಾಠ ಹೇಳಿದವಳು. ಅವಳ ಮುಂದೆ ಮಾಟದ ಕತೆಯೇ?

ಕತೆ ಇಷ್ಟೇ. ಬಾಣಲೆ ಗಂಡನ ಮೊದಲ ಹೆಂಡತಿಯದು. ತಾನಿನ್ನು ಉಳಿಯುವುದಿಲ್ಲ ಎಂದು ಗೊತ್ತಾದ ದಿನ ಆಕೆ ಹಾಸಿಗೆಯಿಂದ ಎದ್ದುಬಂದು, ಬರಿ ಬಾಣಲೆಯನ್ನು ಒಲೆಗಿಟ್ಟು ತನ್ನ ಕೂದಲು ಸುಟ್ಟಳಂತೆ. ನನ್ನ ಜಾಗಕ್ಕೆ ಬರುವವಳ ಹೊಟ್ಟೆಕಿಚ್ಚೇ ನನಗೆ ಬಾಗಿಲು ತೆರೆಯಲಿ ಎಂದಳಂತೆ. ಆಗ ಮೂಡಿದ್ದು ಈ ಕಲೆ, ಒಂದು ಮುಖದಷ್ಟು ಅಗಲ.

ಸೊಸೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳ ಹೊಟ್ಟೆ ಉರಿದದ್ದು ಬೇರೆಯದಕ್ಕೆ. ಗಂಡ ದಿನಾ ಊಟವಾದ ಮೇಲೆ ಆ ಬಾಣಲೆಯನ್ನು ತಾನೇ ತೊಳೆದು, ಕಲೆಯ ಮೇಲೆ ಮೆಲ್ಲಗೆ ಬೆರಳಾಡಿಸುತ್ತಿದ್ದ. ಹೊಸ ಹೆಂಡತಿಯ ಕೆನ್ನೆಯನ್ನು ಅವನು ಒಮ್ಮೆಯೂ ಹಾಗೆ ಮುಟ್ಟಿರಲಿಲ್ಲ. ಸತ್ತರೂ ಸವತಿ ಸವತಿಯೇ ನೋಡಿ.

ಒಂದು ಸಂಜೆ ಅತ್ತೆ ಹೊರಗೆ ಹೋದದ್ದೇ ತಡ, ಅವಳು ವಿನೆಗರ್ ಸುರಿದು ಉಜ್ಜಲು ಕೂತಳು. ಹುಳಿ ವಾಸನೆ ಮೂಗಿಗೆ ಅಡರಿತು. ಕಲೆ ಜಗ್ಗಲಿಲ್ಲ. ತಂತಿಯ ಉಂಡೆ ಹಿಡಿದಳು. ಕರಕರ ಸದ್ದು. “ಹೋಗೇ, ನನ್ನ ಮನೆ ಬಿಟ್ಟು ಹೋಗು,” ಎಂದು ಹಲ್ಲು ಕಚ್ಚಿದಳು. ನೀಲಿ ತೆಳುವಾಯಿತು. ಹುಳಿ ವಾಸನೆ ಅಡಗಿ ಸುಟ್ಟ ಕೂದಲಿನ ಕಮಟು ಎದ್ದಿತು. ದೀಪ ಮಂಕಾಯಿತು. ಅವಳು ಉಜ್ಜಿದಳು. ಇನ್ನೂ ಉಜ್ಜಿದಳು.

ಕಲೆ ಹೋಯಿತು. ತಳ ಕನ್ನಡಿಯಾಯಿತು. ಅದರಲ್ಲೊಂದು ಮುಖ. ಗುಳಿಯಿಲ್ಲದ ಮುಖ. ಅದು ನಕ್ಕಿತು. ಅವಳು ನಕ್ಕಿರಲಿಲ್ಲ. ಬಾಣಲೆ ಎಸೆಯಲು ಹೋದಳು. ಬೆರಳು ಬಿಡಲಿಲ್ಲ. ಕೈ ತಣ್ಣಗಾಯಿತು. ಎದೆ ತಣ್ಣಗಾಯಿತು. ಕತ್ತಲೆ.

ಕಣ್ಣು ಬಿಟ್ಟಾಗ ಅವಳು ಕೆಳಗಿನಿಂದ ನೋಡುತ್ತಿದ್ದಳು. ಮೇಲಿನಿಂದ ಬಗ್ಗಿದ್ದು ಅವಳದೇ ಮುಖ.

ಗಂಡ ಬಂದು ಊಟಕ್ಕೆ ಕೂತ. ಮೊದಲ ತುತ್ತಿಗೇ ಅವನ ಕೈ ನಿಂತಿತು. ಬಡಿಸುತ್ತಿದ್ದವಳನ್ನು ತಲೆಯೆತ್ತಿ ನೋಡಿದ, ಹೊಸ ಹೆಂಡತಿ ಇಷ್ಟು ದಿನ ಹಂಬಲಿಸಿದ ಅದೇ ನೋಟ. “ಎಲ್ಲಿ ಹೋಗಿದ್ದೆ ಇಷ್ಟು ದಿನ?” ಎಂದು ಆ ಕೆನ್ನೆಯ ಮೇಲೆ ಮೆಲ್ಲಗೆ ಬೆರಳಾಡಿಸಿದ. ಬಾಣಲೆಯ ಕಡೆ ತಿರುಗಿಯೂ ನೋಡದೆ ಎದ್ದುಹೋದ.

ತೊಳೆಯಲು ಕೂತವರು ಅತ್ತೆ. ತಳದಲ್ಲಿ ಹೊಸ ನೀಲಿ ಕಲೆ. ಕೆನ್ನೆಯ ಕಡೆ ಒಂದು ಸಣ್ಣ ಗುಳಿ. ಅವರು ತಂತಿಯ ಉಂಡೆಗೆ ಕೈ ಚಾಚಿದರು. ಉಜ್ಜಿ ಅತ್ತೆ, ಉಜ್ಜಿ ಎಂದು ಕಲೆ ಒಳಗೊಳಗೇ ಕೂಗಿಕೊಂಡಿತು.

“ಅದು ಮಾತ್ರ ಉಜ್ಜಬೇಡಿ ಅತ್ತೆ,” ಎಂದಿತು ಬೆನ್ನ ಹಿಂದಿನ ದನಿ. “ಅಲ್ಲಿದ್ರೆ ಅದು ಅಲ್ಲೇ ಇರತ್ತೆ.”

ಅತ್ತೆ ತಂತಿಯನ್ನು ಕೆಳಗಿಟ್ಟು, ಬಾಣಲೆಯನ್ನು ಬೋರಲು ಹಾಕಿದರು.