ಆರು ಪಾಯಿಂಟ್ ಹತ್ತು

"ಬಂತಾ?" ಗಾಜಿನ ಗೂಡಿನೊಳಗಿಂದ ಟರಾಸ್ ಮಾವ ಕೂಗಿದರು.

"ಇಲ್ಲ ಮಾವ!" ಸ್ಕೇಟ್ ಕಟ್ಟಿಕೊಂಡು ಮಂಜುಗಡ್ಡೆಯ ಅಂಗಳದ ನಡುವೆ ನಿಂತಿದ್ದ ಲರಿಸಾ ಕತ್ತೆತ್ತಿ ನೋಡಿ ಹೇಳಿದಳು.

"ಈಗ?"

"ಈಗ್ಲೂ ಇಲ್ಲ!"

ಗೋಡೆಯ ಮೇಲಿದ್ದ ದೊಡ್ಡ ಸ್ಕೋರ್‌ಬೋರ್ಡ್ ಮುಖ ಊದಿಸಿಕೊಂಡು ಕಪ್ಪಗೆ ಕೂತಿತ್ತು. ಒಂದು ಸೊನ್ನೆ ಕೂಡ ಮಿನುಗಲಿಲ್ಲ.

ವಿಲೋ ಬೆಂಡ್ ಎಂಬ ಆ ಪುಟ್ಟ ಊರಿಗೆ ಹುಡುಗಿಯರ ಐಸ್ ಹಾಕಿ ಫೈನಲ್ ಬಂದದ್ದು ಇದೇ ಮೊದಲು. ಊರಿನವರೆಲ್ಲ ಸೇರಿ, ಇಡೀ ಚಳಿಗಾಲ ಆಲೂಗಡ್ಡೆ ತುಂಬಿದ ಪೆರೋಗಿ ಎಂಬ ಕಡುಬು ಬೇಯಿಸಿ ಮಾರಿ, ಆ ಹೊಸ ಬೋರ್ಡ್ ತಂದಿದ್ದರು. ಆದರೆ ಅದನ್ನು ನಡೆಸುವ ಹಳೆಯ ಕಂಪ್ಯೂಟರ್ ನಿನ್ನೆ ಕೈಕೊಟ್ಟಿತ್ತು. ಇವತ್ತು ಮಧ್ಯಾಹ್ನದ ಊಟದ ಹೊತ್ತಿಗೆ ಬೋರ್ಡ್ ಉರಿಯದಿದ್ದರೆ ಸಂಜೆಯ ಫೈನಲ್ ಸ್ಟೋನಿ ಲೇಕಿಗೆ ಹೋಗುತ್ತದೆ ಎಂದು ಲೀಗಿನ ಮೇಡಂ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು. ಸ್ಟೋನಿ ಲೇಕ್ ಅಂದರೆ ಎದುರಾಳಿಗಳ ಊರು! ಊರಿನ ತಂಡದಲ್ಲಿ ಆಡುವ ಲರಿಸಾಗೆ ಅದನ್ನು ನೆನೆದರೇ ಸಿಟ್ಟು ಬರುತ್ತಿತ್ತು.

ಬೆಳಿಗ್ಗೆ ಮಾವ ಕಂಪ್ಯೂಟರಿಗೆ 'ಲೂನ್' ಎಂಬ ಆಪರೇಟಿಂಗ್ ಸಿಸ್ಟಮ್ ಅನ್ನು ಹೊಸದಾಗಿ ಹಾಕಲು ಕೂತಾಗ ಅವಳೂ ಪಕ್ಕದಲ್ಲೇ ಇದ್ದಳು. ಬೋರ್ಡ್ ಬಂದ ಪೆಟ್ಟಿಗೆಯ ಮೇಲೆ 'ಲೂನ್ 6.10 ಅಥವಾ ಅದಕ್ಕಿಂತ ಹೊಸದು ಬೇಕು' ಎಂದು ಬರೆದಿತ್ತು. ಡೌನ್‌ಲೋಡ್ ಪುಟ ತೆಗೆದರೆ ಅಲ್ಲೊಂದು ಜಾತ್ರೆಯೇ ನೆರೆದಿತ್ತು. ಮೊದಲು 6.1, ಅದರ ಕೆಳಗೆ 6.10, ಆಮೇಲೆ 6.2, 6.3... ಕಟ್ಟಕಡೆಗೆ 6.9.

"ಇದ್ರಲ್ಲಿ ಎಲ್ಲಕ್ಕಿಂತ ಹೊಸದು ಯಾವ್ದಪ್ಪಾ?" ಮಾವ ತಲೆ ಕೆರೆದುಕೊಂಡರು.

"ಆರು ಪಾಯಿಂಟ್ ಹತ್ತು," ಎಂದ ಲರಿಸಾಳ ಅಣ್ಣ ನೆಸ್ಟರ್. "ಒಂಬತ್ತಾದ್ಮೇಲೆ ತಾನೆ ಹತ್ತು ಬರೋದು?"

"ಅಯ್ಯೋ ದಡ್ಡ! ಪಾಯಿಂಟ್ ಬಂದ್ಮೇಲೆ ಲೆಕ್ಕ ಬೇರೆ ಕಣೋ," ಎಂದಳು ಲರಿಸಾ. "ಆರು ಪಾಯಿಂಟ್ ಒಂಬತ್ತು ಅಂದ್ರೆ ಆರು ಪಾಯಿಂಟ್ ಒಂಬತ್ತು ಸೊನ್ನೆ. ತೊಂಬತ್ತು ದೊಡ್ಡದೋ, ಹತ್ತು ದೊಡ್ಡದೋ? ನೀನೇ ಹೇಳು!"

ದಶಮಾಂಶದ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ತೆಗೆದು ಅವಳಿಗೆ ಇನ್ನೂ ವಾರ ಆಗಿರಲಿಲ್ಲ. ಮಾವ "ಭೇಷ್!" ಎಂದು 6.9 ಅನ್ನು ಒತ್ತಿದರು. ಅಲ್ಲಿನ ಇಂಟರ್ನೆಟ್ಟಿನದು ಆಮೆ ನಡಿಗೆ. ಅದು ಇಳಿಯುವಷ್ಟರಲ್ಲಿ ಅರ್ಧ ಬೆಳಿಗ್ಗೆ ಕಳೆಯಿತು. ಕಂಪ್ಯೂಟರ್ ಏನೋ ಎದ್ದಿತು, ಬೋರ್ಡ್ ಮಾತ್ರ ಏಳಲಿಲ್ಲ.

ಅಷ್ಟರಲ್ಲಿ ಕೋಚ್ ಡಾರ್ಲೀನ್ ಏಣಿ ಎಳೆದುಕೊಂಡು ಬಂದರು. "ಮೇಲೆ ವೈರ್ ಕಿತ್ತಿರ್ಬೇಕು. ನೋಡೇ ಬಿಡೋಣ."

"ನೀವಿರಿ, ನಾನೇ ಏರ್ತೀನಿ," ಎಂದರು ಮಾವ.

"ನಿಮಗೆ ಎಟಕಲ್ಲ ಟರಾಸ್! ನೀವು ಐದಡಿ ಒಂಬತ್ತು ಇಂಚು, ನಾನು ಐದಡಿ ಹತ್ತು ಇಂಚು. ನಿಮಗಿಂತ ನಾನೇ ಎತ್ತರ."

"ಒಂದಿಂಚಿಗೆ ಇಷ್ಟೊಂದು ಜಂಬವಾ!"

ಎಲ್ಲರೂ ನಕ್ಕರು. ಲರಿಸಾ ಮಾತ್ರ ನಗಲಿಲ್ಲ. ಐದು ಒಂಬತ್ತು. ಅದಾದ ಮೇಲೆ ಐದು ಹತ್ತು. ಆಮೇಲೆ ಐದು ಹನ್ನೊಂದು. ಡಾರ್ಲೀನ್ ಮೇಡಂ ಮಾವನಿಗಿಂತ ಎತ್ತರ ಇರುವುದು ಕಣ್ಣೆದುರಿಗೇ ಕಾಣುತ್ತಿತ್ತು.

ಹಾಗಾದರೆ ನೆಸ್ಟರ್ ಹೇಳಿದ್ದೇ ಸರಿ!

ಅವನು ಬೆಂಚಿನ ಮೇಲೆ ಕೂತು ಪೆರೋಗಿ ಮೆಲ್ಲುತ್ತಿದ್ದ. ಈಗ ಬಾಯಿಬಿಟ್ಟರೆ ಮುಂದಿನ ಕ್ರಿಸ್‌ಮಸ್‌ವರೆಗೂ ಆಡಿಕೊಳ್ಳುತ್ತಾನೆ. ಬಿಡದಿದ್ದರೆ? ಲರಿಸಾ ಒಂದೇ ಉಸಿರಿಗೆ ಗೂಡಿನ ಹತ್ತಿರ ಜಾರಿದಳು.

"ಮಾವಾ, ವೈರ್ ಸರಿಯಾಗೇ ಇದೆ. ತಪ್ಪು ನಂದು! ಅದು ದಶಮಾಂಶ ಅಲ್ಲ. ಒಂಬತ್ತು ಇಂಚು ಆದ್ಮೇಲೆ ಹತ್ತು ಇಂಚು ಬರಲ್ವಾ, ಹಂಗೆ. ಆ ಚುಕ್ಕಿ ಬರೀ ಬೇಲಿ. ಆ ಕಡೆ ಆರು, ಈ ಕಡೆ ಹತ್ತು. ನಾವು ಹಾಕಿರೋದು ಹಳೇದು!"

ನೆಸ್ಟರ್ ಎದ್ದು ಬಂದ. ಫೋನಿನಲ್ಲಿ ಪುಟ ತೆಗೆದು ದಿನಾಂಕ ನೋಡಿದ. ಲರಿಸಾ ಕಣ್ಣು ಮುಚ್ಚಿಕೊಂಡು ಬೈಗುಳಕ್ಕೆ ಕಾದಳು.

"ಆರು ಪಾಯಿಂಟ್ ಒಂಬತ್ತು ಹೋದ ವರ್ಷದ್ದು. ಆರು ಪಾಯಿಂಟ್ ಹತ್ತು ಮೊನ್ನೆ ಮೊನ್ನೆ ಬಂದಿರೋದು," ಎಂದ ಅವನು. "ಕೇಬಲ್ ಕೊಡಿ ಮಾವ, ನನ್ನ ಫೋನಿಂದ ಬೇಗ ಇಳಿಯುತ್ತೆ. ಲೇ ಲರಿ, ಬಾಯಿಬಿಟ್ಕೊಂಡು ನಿಂತಿದ್ದೀಯಲ್ಲ, ಪೆನ್ ಡ್ರೈವ್ ತಾ ಹೋಗು!"

ಲರಿಸಾ ಓಡಿದಳು. ಡೌನ್‌ಲೋಡ್ ಆಯಿತು. ಇನ್‌ಸ್ಟಾಲ್ ಶುರುವಾಯಿತು. ಲೀಗಿನ ಮೇಡಂ ಕರೆಗೆ ಮಾವನ ಫೋನ್ ರಿಂಗಣಿಸತೊಡಗಿತು. "ಎತ್ತಬೇಡಿ, ಎತ್ತಬೇಡಿ!" ಎಂದು ಡಾರ್ಲೀನ್ ಕೈ ಬೀಸಿದರು. ಮಾವ ಕೊನೆಯ ಬಟನ್ ಒತ್ತಿದರು.

ಬೋರ್ಡಿನಲ್ಲಿ ಎರಡು ದೊಡ್ಡ ಕೆಂಪು ಸೊನ್ನೆಗಳು ಝಗ್ಗನೆ ಬೆಳಗಿದವು.

ಕ್ಯಾಂಟೀನಿನ ಹೆಂಗಸರು ಸೌಟು ಹಿಡಿದೇ ಹೊರಗೋಡಿ ಬಂದರು. ಡಾರ್ಲೀನ್ ಲರಿಸಾಳನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟರು. ಸೊನ್ನೆ ಕಂಡು ಜನ ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದ್ದು ಆ ಊರಿನಲ್ಲಿ ಅದೇ ಮೊದಲಿರಬೇಕು. ಮಾವ ಫೋನ್ ಎತ್ತಿ, "ಫೈನಲ್ ಇಲ್ಲೇ ಮೇಡಂ! ಸ್ಟೋನಿ ಲೇಕಿನವರಿಗೆ ಹೊರಟು ಬರೋಕೆ ಹೇಳಿ!" ಎಂದು ಕಿರುಚಿದರು.

"ದಡ್ಡ ಯಾರು?" ನೆಸ್ಟರ್ ಮೊಣಕೈಯಿಂದ ತಿವಿದ.

"ನಾನೇ. ಇವತ್ತೊಂದಿನ ಮಾತ್ರ," ಎಂದಳು ಲರಿಸಾ. ಹಾಗೆ ಹೇಳುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ.

ಸಂಜೆ ಕೂರಲು ಜಾಗ ಸಾಲದೆ ಜನ ಗೋಡೆಗೆ ಒರಗಿ ನಿಂತರು. ಆಟಗಾರ್ತಿಯರು ಎದುರುಬದುರು ಬಾಗಿ ನಿಂತರು. ಲರಿಸಾ ಒಮ್ಮೆ ಮೇಲೆ ನೋಡಿದಳು. ಬೋರ್ಡಿನ ಗಡಿಯಾರ 15:00 ಎನ್ನುತ್ತಿತ್ತು. ಸೀಟಿ ಮೊಳಗಿತು. 14:59 ಆಯಿತು.

ಅವಳಿಗೆ ನಗು ತಡೆಯಲಾಗಲಿಲ್ಲ. ಐದನೇ ವಯಸ್ಸಿನಿಂದಲೂ ಇಂಥ ಗಡಿಯಾರ ನೋಡುತ್ತಲೇ ಆಡಿದ್ದಳು. ಒಂದು ದಿನವೂ ಅದನ್ನು ದಶಮಾಂಶ ಅಂದುಕೊಂಡಿರಲಿಲ್ಲ.