ಜಾಹೀರಾತು ಬರುವ ಹೊತ್ತು

"ರೀ, ನಿಮ್ಮನ್ನೇ ಕೇಳ್ತಿರೋದು! ಮನೆಗಳಲ್ಲಿ ಕಾಯಿಲೆಯವರು ಇರ್ತಾರೆ ಅನ್ನೋ ಪರಿಜ್ಞಾನ ಇಲ್ವಾ ನಿಮಗೆ?"

ಅವನು ತಿರುಗಲೇ ಇಲ್ಲ.

ಕೇಬಲ್ ಕಚೇರಿಯ ಆ ಇಕ್ಕಟ್ಟು ಕೋಣೆಯಲ್ಲಿ ಅವಳಿಗೆ ಕಾಣುತ್ತಿದ್ದದ್ದು ಅವನ ಬೆನ್ನು ಮಾತ್ರ. ಮುಂದೆ ಎರಡು ಪರದೆ, ಗುಂಡಿಗಳ ಸಾಲು. ಹೆಡ್‌ಫೋನ್ ಕುತ್ತಿಗೆಗೆ ಜೋತುಬಿದ್ದಿತ್ತು. ಅಂದರೆ ಕಿವಿ ಖಾಲಿಯೇ ಇದೆ! ಆದರೂ...

'ಎಷ್ಟು ಸೊಕ್ಕು!'

ಆಸ್ಪತ್ರೆಯಲ್ಲಿ ದಿನವಿಡೀ ಜನರ ಕಿವಿ ಪರೀಕ್ಷಿಸುವುದೇ ಅವಳ ಕೆಲಸ. ಆದರೆ ಆ ಕ್ಷಣ ಅವಳಿಗೆ ಸೊಕ್ಕಿನ ಹೊರತು ಬೇರೇನೂ ಹೊಳೆಯಲಿಲ್ಲ.

"ನಮ್ಮ ಸೌಂಡಪ್ಪ ಕೆಲಸಕ್ಕೆ ಕೂತ್ರೆ ಹೀಗೇ ಮೇಡಂ, ಲೋಕವೇ ಬೇಡ," ಎಂದು ಬಾಗಿಲಲ್ಲಿ ನಿಂತಿದ್ದ ಮಾಲೀಕರು ನಕ್ಕರು.

ಅವಳು ಮುಂದೆ ಹೋಗಿ ನಿಂತಾಗ ಅವನು ಬೆಚ್ಚಿ ಎದ್ದ. "ಅಯ್ಯೋ... ಯಾವಾಗ ಬಂದ್ರಿ?"

"ಧಾರಾವಾಹಿ ನೆಟ್ಟಗೇ ಇರುತ್ತೆ. ಜಾಹೀರಾತು ಬಂತು ಅಂದ್ರೆ ನೆತ್ತಿ ಮೇಲೆ ಸಿಡಿಲು ಬಿದ್ದ ಹಾಗೆ! ಯಾರ್ರೀ ಅದನ್ನ ಜೋರು ಮಾಡೋದು?"

ಅವನು ಅವಳ ತುಟಿಗಳನ್ನೇ ದಿಟ್ಟಿಸುತ್ತಿದ್ದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ನಾನೇ. ಊರಿನ ಜಾಹೀರಾತೆಲ್ಲ ಇಲ್ಲಿಂದಲೇ ಹೋಗೋದು," ಎಂದ. "ಆದ್ರೆ ಮೀಟರ್ ನೋಡಿ. ಮುಳ್ಳು ಕೆಂಪು ಗೆರೆ ದಾಟಿಲ್ಲ."

"ನಮ್ಮಪ್ಪ ಮುಳ್ಳು ನೋಡ್ತಾರೇನ್ರಿ? ಮನೆಗೆ ಬಂದು ನೋಡಿ, ಗೊತ್ತಾಗುತ್ತೆ!"

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಭಾನುವಾರ ಅವನು ನಿಜಕ್ಕೂ ಬಂದ.

ಪಾರ್ಶ್ವವಾಯು ಹೊಡೆದ ಮೇಲೆ ಅವಳ ಅಪ್ಪನಿಗೆ ಮಾತಿಲ್ಲ, ಎಡಗೈ ಏಳುವುದಿಲ್ಲ. ಉಳಿದದ್ದು ಕಿಟಕಿ ಪಕ್ಕದ ಕುರ್ಚಿ, ಎದುರಿಗೊಂದು ಟೀವಿ. ಅದನ್ನು ಆರಿಸಿದರೆ ಮಗುವಿನಂತೆ ಅಳುತ್ತಿದ್ದರು.

ಜಾಹೀರಾತು ಬಂತು.

ಅಪ್ಪ ಬೆಚ್ಚಿಬಿದ್ದರು. ಬಲಗೈ ಧಾವಿಸಿ ಬಲಗಿವಿ ಮುಚ್ಚಿತು. ಎಡಗಿವಿ ಮುಚ್ಚಲು ಅವರಿಗೆ ಇನ್ನೊಂದು ಕೈ ಇರಲಿಲ್ಲ... ಕಣ್ಣುಗಳು ಒದ್ದೆಯಾದವು.

ಅವನು ಒಂದು ಕ್ಷಣ ಕಲ್ಲಾಗಿ ನಿಂತ. ಮರುಕ್ಷಣ ಮಂಡಿಯೂರಿ, ತನ್ನ ಅಂಗೈಯಿಂದ ಅಪ್ಪನ ಎಡಗಿವಿ ಮುಚ್ಚಿದ. ಅಪ್ಪ ತಲೆಯನ್ನು ಆ ಅಂಗೈಗೇ ಒರಗಿಸಿಬಿಟ್ಟರು.

ಅವಳೊಳಗೆ ಏನೋ ಕರಗಿತು.

"ಏನೇ ಪುಟ್ಟಿ," ಅಡುಗೆಮನೆಯಲ್ಲಿ ಅಮ್ಮ ಕಣ್ಣು ಮಿಟುಕಿಸಿದರು, "ಬೈಯೋಕೆ ಕರೆಸಿದವನ ಕಾಫಿಗೆ ಇಷ್ಟೊಂದು ಸಕ್ಕರೆ ಸುರೀತಿದ್ದೀಯಲ್ಲ!"

"ಹೋಗಮ್ಮ ನೀನು!"

ಹೊರಡುವಾಗ ಅವನು ಅವಳ ಮುಖ ನೋಡಿಯೇ ಹೇಳಿದ. "ನಾಳೆಯಿಂದ ಕಮ್ಮಿ ಮಾಡ್ತೀನಿ. ಮಾತು ಕೊಟ್ಟೆ."

ಮರುದಿನ ಸಂಜೆ ಅವಳು ನಂಬಿಕೆಯಿಂದ ಅಪ್ಪನ ಪಕ್ಕ ಕೂತಳು. ಜಾಹೀರಾತು ಬಂತು... ಎಂದಿಗಿಂತಲೂ ಜೋರಾಗಿ! ಅಪ್ಪ ಕುರ್ಚಿಯಿಂದ ಜಾರಿದರು. ಮೇಜಿನ ಅಂಚು ಹಣೆಗೆ ಬಡಿದು ರಕ್ತ ಚಿಮ್ಮಿತು.

ಅವಳು ಅವನಿಗೆ ಫೋನ್ ಮಾಡಿದಳು. "ಹಲೋ... ಹಲೋ..." ಎಂದವನೇ ಕತ್ತರಿಸಿದ. ಮತ್ತೆ ಮಾಡಿದಳು. ಮತ್ತೆ ಅದೇ.

'ಮಾತು ಕೊಟ್ಟು ಆಟ ಆಡಿದ. ಇಂಥವನನ್ನ ನಂಬಿದೆನಲ್ಲ...'

ಅದೇ ವಾರ ಅವನು ಆಸ್ಪತ್ರೆಯ ಅವಳ ಕೋಣೆಯ ಬಾಗಿಲಲ್ಲಿ ನಿಂತಿದ್ದ.

"ಊರೆಲ್ಲ ದೂರು. ಕಿವಿ ತೋರಿಸ್ಕೊಂಡು ಬಾ ಅಂತ ಮಾಲೀಕರು ಕಳಿಸಿದ್ರು."

ಅವಳು ಮುಖಕ್ಕೆ ಮುಖ ಕೊಡಲಿಲ್ಲ. ಗಾಜಿನಾಚೆಯ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ತೊಡಿಸಿ, ಕೈಗೆ ಗುಂಡಿ ಕೊಟ್ಟಳು. ಸದ್ದು ಕೇಳಿದರೆ ಒತ್ತಬೇಕು, ಅಷ್ಟೇ. ಪರೀಕ್ಷೆಗೆ ಬಂದವರ ಕುರ್ಚಿಯನ್ನು ಗೋಡೆಗೆ ತಿರುಗಿಸುವುದು ರೂಢಿ. ಅಂದು ಸಿಟ್ಟಿನ ಭರದಲ್ಲಿ ಅದನ್ನೂ ಮರೆತಳು.

ಸದ್ದು ಕಳಿಸಿದಳು. ಅವನು ಒತ್ತಿದ. ಇನ್ನೂ ಸಣ್ಣ ಸದ್ದು... ಒತ್ತಿದ. ಚಿಕ್ಕ ಮಕ್ಕಳಿಗೂ ದಕ್ಕದಷ್ಟು ಸಣ್ಣದು. ಅದಕ್ಕೂ ಒತ್ತಿದ!

ಅವಳು ತಲೆಯೆತ್ತಿದಳು. ಅವನ ಕಣ್ಣು ಅವಳ ಬೆರಳ ಮೇಲೆ ನೆಟ್ಟಿತ್ತು.

ಸದ್ದು ಕಳಿಸದೆ ಸುಮ್ಮನೆ ಬೆರಳು ಅಲುಗಿಸಿದಳು.

ಅವನು ಒತ್ತಿದ.

ಅವಳು ಎದ್ದು ಹೋಗಿ ಕುರ್ಚಿಯನ್ನು ಗೋಡೆಗೆ ತಿರುಗಿಸಿದಳು. ಸದ್ದು ಕಳಿಸಿದಳು. ಏರಿಸಿದಳು... ಇನ್ನಷ್ಟು ಏರಿಸಿದಳು... ಅವನ ಹೆಬ್ಬೆರಳು ಕದಲಲಿಲ್ಲ.

ತಿರುಗದ ಬೆನ್ನು. ತುಟಿಗಳನ್ನೇ ದಿಟ್ಟಿಸಿದ ಕಣ್ಣು. ಕತ್ತರಿಸಿದ ಫೋನ್. ದೇವರೇ... ಇದೇ ಕೆಲಸದಲ್ಲಿದ್ದೂ ತನಗೆ ತಿಳಿಯದೇ ಹೋಯಿತೆ?

ಅವನೆದುರು ಕೂತು ಕೇಳಿದಳು. "ಯಾವಾಗಿಂದ?"

ಅವನು ತಲೆ ತಗ್ಗಿಸಿ, ಮತ್ತೆ ಎತ್ತಿದ. "ಗೊತ್ತಿಲ್ಲ. ನಿಧಾನಕ್ಕೆ ಹೋಯ್ತು. ಅವತ್ತು ನಿಮ್ಮ ಮನೆಯಿಂದ ಹೋಗಿ ಕಮ್ಮಿ ಮಾಡಿದೆ... ನನಗೆ ಏನೂ ಕೇಳಿಸ್ಲಿಲ್ಲ. ಮುಳ್ಳು ಆಡ್ತಾನೇ ಇತ್ತು, ಆದ್ರೂ ಸದ್ದೇ ಹೋಗ್ತಿಲ್ಲ ಅಂತ ಗಾಬರಿಯಾಗಿ ಮತ್ತೆ ಏರಿಸಿದೆ."

"ಅಪ್ಪ ಬಿದ್ರು. ಹಣೆ ಒಡೀತು."

ಅವನ ಮುಖ ಸುಣ್ಣವಾಯಿತು.

"ಎಲ್ಲ ಸರಿ ಇದೆ ಅಂತ ಬರೆದುಬಿಡಿ," ಅವನು ಪಿಸುಗುಟ್ಟಿದ. "ಈ ಕೆಲಸ ಬಿಟ್ರೆ ನನಗೆ ಇನ್ನೇನೂ ಬರಲ್ಲ. ದಮ್ಮಯ್ಯ ಅಂತೀನಿ..."

ಒಂದೇ ಒಂದು ಸುಳ್ಳು. ಅವನ ಕುರ್ಚಿ ಉಳಿಯುತ್ತದೆ. ಆದರೆ ಅಪ್ಪನಂಥವರು?

"ಆಗಲ್ಲ. ಬೇರೆಯವರಾಗಿದ್ರೆ ಬರೀತಿದ್ನೇನೋ. ನಿಮಗೆ ಮಾತ್ರ ಸುಳ್ಳು ಬರೆಯೋಕೆ ಆಗಲ್ಲ."

"ಯಾಕೆ?"

ಅವಳು ಮುಖ ತಿರುಗಿಸಿದಳು. ಅವನು ಎದ್ದು ಹೋದ. ಮಾಲೀಕರಿಗೆ ಕೊಡಬೇಕಿದ್ದ ವರದಿಯ ಕಾಗದ ಮೇಜಿನ ಮೇಲೆ ಖಾಲಿಯಾಗಿಯೇ ಉಳಿಯಿತು. ಫಲಿತಾಂಶ ತಿಳಿಸುವುದು, ಬಿಡುವುದು ಈಗ ಅವನಿಗೇ ಬಿಟ್ಟದ್ದು.

ಆಮೇಲೊಂದು ಸಂಜೆ ಧಾರಾವಾಹಿಯ ನಡುವೆ ಜಾಹೀರಾತು ಬಂತು. ಯಾರೋ ಪಕ್ಕದಲ್ಲಿ ಕೂತು ಮಾತಾಡಿದಷ್ಟು ಮೆಲ್ಲಗೆ. ಅಪ್ಪನ ಬಲಗೈ ಮಡಿಲಲ್ಲೇ ಇತ್ತು.

"ಅಂತೂ ಸರಿ ಆಯ್ತಲ್ಲ!" ಅಮ್ಮ ಹಿಗ್ಗಿದರು. ತಿರುಗಿ ನೋಡಿದರೆ ಮಗಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. "ಅಯ್ಯೋ, ಏನಾಯ್ತೇ ಪುಟ್ಟಿ?"

"ಅವರು ಮಾಲೀಕರಿಗೆ ನಿಜ ಹೇಳಿಬಿಟ್ರಮ್ಮ... ಆ ಕುರ್ಚಿಯಲ್ಲಿ ಈಗ ಅವರಿಲ್ಲ."

ಅವಳು ಹುಡುಕಿಕೊಂಡು ಹೊರಡುವ ಮೊದಲೇ ಅವನು ಆಸ್ಪತ್ರೆಗೆ ಬಂದ. ಅಂಗಿಗೆ ಧೂಳು, ಭುಜಕ್ಕೆ ಸುತ್ತಿದ ಕೇಬಲ್.

"ಈಗ ಮಹಡಿ ಮಹಡಿ ಹತ್ತಿ ತಂತಿ ಎಳೀತೀನಿ. ಸೌಂಡಪ್ಪ ಹೋಗಿ ತಂತಿಯಪ್ಪ ಆದೆ." ನಗಲು ನೋಡಿದ. ಆಗಲಿಲ್ಲ.

ಅವಳು, ರೋಗಿಗಳು ತೊಟ್ಟು ನೋಡಲೆಂದು ಇಟ್ಟಿದ್ದ ಕಿವಿಯಂತ್ರ ತೆಗೆದು, ಬಾಗಿ ಅವನ ಕಿವಿಗೆ ಕೂರಿಸಿದಳು.

ಅವನು ಬೆಚ್ಚಿದ. "ಇದೇನು ಸದ್ದು?"

"ಫ್ಯಾನು."

"ಇದು?"

"ಹೊರಗೆ ಯಾರದೋ ಚಪ್ಪಲಿ."

"ಇನ್ನೊಂದಿದೆ... ಮೆತ್ತಗೆ. ತೀರ ಹತ್ರ."

ಅವಳು ತಡವರಿಸಿದಳು. "ನನ್ನ ಉಸಿರು."

ಅವನು ಉಸಿರು ಬಿಗಿಹಿಡಿದು ಆಲಿಸಿದ. "ಅವತ್ತು ಯಾಕೆ ಅಂತ ಕೇಳಿದ್ದೆ. ನೀವು ಹೇಳ್ಲೇ ಇಲ್ಲ."

"ಜೋರಾಗಿ ಹೇಳೋ ಮಾತಲ್ಲ ಅದು."

"ಮೆತ್ತಗೇ ಹೇಳಿ."

ಈ ಸಲ ಅವನು ಅವಳ ತುಟಿ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡ. ಅವಳು ಅವನ ಕಿವಿಯ ಬಳಿ ಹೇಳಿದಳು.

ಮುಚ್ಚಿದ ರೆಪ್ಪೆಯಡಿಯಿಂದ ನೀರು ಜಿನುಗಿತು. "ಇನ್ನೊಂದ್ಸಲ..."

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು. ಅದಕ್ಕೇ."